ಬಾಗಿಲಲ್ಲೇ ತಡೆದ ಗೆಳೆಯ

ಸಾಯುತ್ತಿದ್ದ ನನ್ನ ಗಂಡನಿಂದ ಅವರ ಒಬ್ಬನೇ ಗೆಳೆಯನನ್ನು ದೂರ ಮಾಡಿದವಳು ನಾನು. ಹೊಟ್ಟೆಕಿಚ್ಚಿಗೆ. ಬೇರೆ ಹೆಸರಿಟ್ಟು ನೋಡಿದೆ — ಆಯಾಸ, ದುಃಖ, ರೋಗಿಗೆ ವಿಶ್ರಾಂತಿ ಬೇಕೆಂಬ ಕಾಳಜಿ — ಯಾವುದೂ ನಿಲ್ಲಲಿಲ್ಲ.

ನನ್ನ ಗಂಡ ಪುಟ್ಟಸ್ವಾಮಿ ಮತ್ತು ನಜೀರಣ್ಣ ಚನ್ನಪಟ್ಟಣದ ಒಂದೇ ಶೆಡ್ಡಿನಲ್ಲಿ ಹದಿನೆಂಟು ವರ್ಷ ಎದುರುಬದುರು ಕೂತು ಮರದ ಗೊಂಬೆ ಕಡೆದವರು. ಮೋಟಾರಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಕೈ, ಹುಬ್ಬು, ಗಲ್ಲ — ಅದೇ ಅವರ ಭಾಷೆ. ಚೀನಾದ ಪ್ಲಾಸ್ಟಿಕ್ ಗೊಂಬೆಗಳು ಬಂದು ಕೆಲಸ ಕಮ್ಮಿಯಾದಾಗ ನಜೀರಣ್ಣ ಬಿಡದಿ ಕಡೆ ಎದ್ದಿದ್ದ ಹೊಸ ಫ್ಯಾಕ್ಟರಿಗಳಲ್ಲೊಂದಕ್ಕೆ ಸೇರಿದರು. ಅದೇ ವರ್ಷ ಇವರ ಗಂಟಲಿನಲ್ಲಿ ಕ್ಯಾನ್ಸರ್ ಕಾಣಿಸಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಆರು ತಿಂಗಳಿಗೆ ಗಡ್ಡೆ ಮತ್ತೆ ಬಂತು. "ಇನ್ನು ಮನೇಲೇ ನೋಡ್ಕೊಳ್ಳಮ್ಮ" ಎಂದರು ಡಾಕ್ಟರು.

ನೋಡಿಕೊಂಡೆ. ಮೂಗಿನ ನಳಿಕೆಗೆ ರಾಗಿ ಗಂಜಿ ಸೋಸಿ ಬಿಟ್ಟೆ, ಕುತ್ತಿಗೆಯ ಗಾಯ ತೊಳೆದೆ, ಕಫ ಒರೆಸಿದೆ. ಆ ವಾಸನೆ — ನನ್ನ ಸೀರೆಯಲ್ಲಿ, ಕೂದಲಲ್ಲಿ, ನಾನು ಉಣ್ಣುವ ಅನ್ನದಲ್ಲಿ. ಆದರೆ ಅವರು ಕೈಯಾಡಿಸಿ ಏನಾದರೂ ಹೇಳಿದರೆ ನನಗೆ ತಿಳಿಯುತ್ತಿರಲಿಲ್ಲ. ಬರೆದು ತೋರಿಸಲು ಅವರಿಗೆ ಅಕ್ಷರ ಬಾರದು. ನೀರೇ? ನೋವೇ? ಕಿಟಕಿಯೇ? ಮೂರು ಸಲ ತಪ್ಪಾಗಿ ಕೇಳುವಷ್ಟರಲ್ಲಿ ಅವರು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು.

ಭಾನುವಾರ ನಜೀರಣ್ಣ ಬರುತ್ತಿದ್ದರು. ಮಾತು ಬರುವ ಅವರೂ ಮಂಚದ ಪಕ್ಕ ಕೂತೊಡನೆ ಬಾಯಿ ಮುಚ್ಚಿ ಕೈಯಲ್ಲೇ ಮಾತಾಡುತ್ತಿದ್ದರು.

"ಅತ್ತಿಗೆ, ದಿಂಬು ಒಸಿ ಎಡಕ್ಕೆ ಸರ್ಸಿ ಅಂತಾವ್ನೆ. ಗಂಜಿ ಬಿಸಿ ಜಾಸ್ತಿ ಐತಂತೆ."

ನನ್ನ ಗಂಡನ ಮಾತನ್ನು ನನಗೆ ಇನ್ನೊಬ್ಬರು ಹೇಳಬೇಕೆ?

ಒಂದು ಭಾನುವಾರ ನಾನು ಗಾಯದ ಬಟ್ಟೆಗಳ ಬಕೆಟ್ ಹಿಡಿದು ಬಂದಾಗ ಇವರು ನಗುತ್ತಿದ್ದರು. ಸದ್ದಿಲ್ಲ — ಬರೀ ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ನನ್ನ ಜೊತೆ ಕಾಯಿಲೆ ಬಂದಮೇಲೆ — ಇಲ್ಲ, ನಿಜ ಹೇಳಿಬಿಡುತ್ತೇನೆ, ಮದುವೆಯಾದಾಗಿನಿಂದಲೂ ಹಾಗೆ ನಕ್ಕಿರಲಿಲ್ಲ. ನನ್ನನ್ನು ಕಂಡೊಡನೆ ಆ ನಗು ನಿಂತುಹೋಯಿತು.

ಮುಂದಿನ ಭಾನುವಾರ ಬಾಗಿಲಿಗೆ ಅಡ್ಡ ನಿಂತೆ.

"ಬರಬ್ಯಾಡಿ ನಜೀರಣ್ಣ. ಅವ್ರನ್ನ ಒಂಟಿ ಮಾಡಿ ಫ್ಯಾಕ್ಟ್ರಿಗೆ ಹೊಂಟೋದ್ರಲ್ಲ, ಆ ಸಿಟ್ಟು ಹೋಗಿಲ್ಲ. ನಿಮ್ಮ ಮುಖ ನೋಡಾಕೆ ಇಷ್ಟ ಇಲ್ವಂತೆ."

"ಹೋದ್ವಾರ ನಗ್ತಿದ್ನಲ್ಲ?"

"ನಿಮ್ಮ ಮುಂದೆ ನಗ್ತಾರೆ. ಆಮೇಲೆ ಅಳ್ತಾರೆ. ಹೆಂಡ್ತಿಗೆ ಗೊತ್ತಾಗಲ್ವಾ?"

ಅವರು ನಂಬಿದರು. ಚಪ್ಪಲಿ ಬಿಟ್ಟಿದ್ದ ಕಾಲನ್ನು ಮತ್ತೆ ಚಪ್ಪಲಿಗೆ ಹಾಕಿಕೊಂಡರು. ಒಳಗೆ ಹೋಗಿ ಗಂಡನಿಗೆ ಹೇಳಿದೆ: "ನಜೀರಣ್ಣಂಗೆ ಭಾನ್ವಾರನೂ ಡ್ಯೂಟಿಯಂತೆ."

ಆಮೇಲೆ ಏಳು ವಾರ ಬದುಕಿದ್ದರು. ದಿನವೂ ಬಾಗಿಲು ನೋಡಿ, ಇಲ್ಲದ ಗಡ್ಡವನ್ನು ನೀವಿ ತೋರಿಸುತ್ತಿದ್ದರು. ಗಡ್ಡವೆಂದರೆ ನಜೀರಣ್ಣ. ಅವರ ಸನ್ನೆಗಳಲ್ಲಿ ನನಗೆ ಚೆನ್ನಾಗಿ ಅರ್ಥವಾಗಿದ್ದು ಅದೊಂದೇ. "ಏನು, ನೀರು ಬೇಕಾ?" ಎಂದು ಕೇಳುತ್ತಿದ್ದೆ. ಇನ್ನು ಅವರು ಪೂರ್ತಿ ನನ್ನವರೆಂದುಕೊಂಡಿದ್ದೆ. ಆಗಲಿಲ್ಲ. ಕೊನೆಯ ವಾರ ಕೈ ಎತ್ತುವುದನ್ನೇ ಬಿಟ್ಟರು.

ಹೆಣ ಎತ್ತುವಾಗ ನಜೀರಣ್ಣ ಬೀದಿಯ ಆ ತುದಿಯಲ್ಲಿ ನಿಂತಿದ್ದರು. ಹತ್ತಿರ ಬರಲಿಲ್ಲ. ನಾನೂ ಕರೆಯಲಿಲ್ಲ.

ಹತ್ತು ವರ್ಷ ಕಳೆದವು. ಹೋದ ತಿಂಗಳು ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೊನೆಗೆ ಅವರದು ಒಂದೇ ಪ್ರಶ್ನೆ:

"ನನ್ನ ಕೇಳಿದ್ನಾ ಅವ್ನು?"

"ದಿನಾ ಕೇಳೋರು."

"ಇಷ್ಟು ವರ್ಸ ಮುನಿಸ್ಕಂಡಿದ್ದೆ ಕಣತ್ತಿಗೆ, ಸತ್ತೋನ ಮೇಲೆ. ಒಂದು ದಿನಾನೂ ಅವ್ನಿಗೋಸ್ಕರ ದುವಾ ಮಾಡ್ಲಿಲ್ಲ."

ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ಕ್ಷಮೆ ಕೇಳಲೆಂದೇ ಹೋಗಿದ್ದವಳು — ಕೇಳಲಿಲ್ಲ. ಗಂಡ ಸತ್ತಾಗ ನಾನು ಹಾಗೆ ಅತ್ತಿರಲಿಲ್ಲ. ಆ ಅಳುವನ್ನು ನೋಡುತ್ತ ನನ್ನೊಳಗೆ ಅದೇ ಕಿಚ್ಚು ಮತ್ತೆ ಎದ್ದಿತು. ಇದನ್ನೂ ಮುಚ್ಚಿಡುವುದಿಲ್ಲ.