ಸೋರೆಬುರುಡೆ ಕಟ್ಟಿಕೊಂಡು ದಾಟಿದವನು

ತಂಗಿಯ ಮನೆ ಖಾಲಿ ಮಾಡಿಸುವಾಗ ಅಟ್ಟದಿಂದ ಒಂದು ಒಣ ಸೋರೆಬುರುಡೆ ಉರುಳಿ ನನ್ನ ಕಾಲ ಬಳಿ ಬಿತ್ತು. ಈಜು ಬಾರದವರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬುರುಡೆ. ಹುರಿ ಇನ್ನೂ ಹಾಗೇ ಇತ್ತು. ಆ ಮನುಷ್ಯ ಇದನ್ನು ಇಷ್ಟು ವರ್ಷ ಜೋಪಾನ ಮಾಡಿದ್ದನಲ್ಲ ಎಂದು ಮೈ ಉರಿಯಿತು.

ಅವನು ನಮ್ಮ ಸೋದರಮಾವ, ಅಮ್ಮನ ಕೊನೆಯ ತಮ್ಮ. ಆಮೇಲೆ ತಂಗಿಯ ಗಂಡ. ಸತ್ತವರನ್ನು ಬಯ್ಯಬಾರದು ಎನ್ನುತ್ತಾರೆ. ನಾನು ಬಯ್ಯುತ್ತೇನೆ. ಹೇಡಿ, ಬಡಾಯಿಕೋರ. ಅಕ್ಕನ ಹಿರಿಮಗಳು, ಅಂದರೆ ನಾನು, ತನ್ನ ಸ್ವತ್ತು ಎಂದುಕೊಂಡಿದ್ದ. ಮನೆಯವರೂ ಹಾಗೇ ಅಂದುಕೊಂಡಿದ್ದರು. ಐವತ್ತರ ದಶಕದ ಕೊನೆ ಅದು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಟೀಚರ್ ಟ್ರೈನಿಂಗ್‌ಗೆ ಹೋಗುತ್ತೇನೆಂದು ಹಟ ಹಿಡಿದಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಮದುವೆ ಗೊತ್ತು ಮಾಡುವ ಮುಂಚೆ ಗಂಡು ಹೆಣ್ಣು ಹೋಗಿ, ಕಣಿವೆಯ ತುದಿಯ ದೊಣೆಯಿಂದ ನೀರು ತಂದು ಮನೆದೇವರಿಗೆ ಎರೆಯಬೇಕು. ಎರೆದರೆ ಮಾತು ಕೊಟ್ಟಂತೆ. ಮುರುಗಮಲ್ಲದ ಆಚೆ, ಎರಡು ಗುಡ್ಡಗಳ ನಡುವಿನ ಆ ಸೀಳಿಗೆ ಮೇಕೆಯವರೂ ಇಳಿಯುತ್ತಿರಲಿಲ್ಲ. ಉದ್ದಕ್ಕೂ ದೊಣೆಗಳು, ಬಂಡೆಯೊಳಗಿನ ಆಳದ ಮಡುಗಳು. ಜೊತೆಗಿರಲಿ ಎಂದು ತಂಗಿಯನ್ನೂ ಕಳಿಸಿದರು. ಅವಳು ನನಗಿಂತ ಒಂದೇ ವರ್ಷ ಚಿಕ್ಕವಳು, ಈಜು ಬಾರದು. ನನ್ನದು ತೋಟದ ಬಾವಿಯಲ್ಲಿ ಕಲಿತ ಅರೆಬರೆ ಈಜು. ಮಾವನಿಗೂ ಬಾರದೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಬಂಡೆ ಕಾದು ಅಂಗಾಲು ಸುಡುತ್ತಿತ್ತು, ಮುಳ್ಳು ಸಿಕ್ಕಿ ಲಂಗ ಹರಿಯಿತು. ಮೊದಲ ದೊಣೆ ಗೋಡೆಯಿಂದ ಗೋಡೆಗೆ ತುಂಬಿತ್ತು. ಇದ್ದದ್ದು ಒಂದೇ ಬುರುಡೆ. ಒಬ್ಬರು ದಾಟಿ, ಬುರುಡೆ ವಾಪಸ್ ಎಸೆದು, ಇನ್ನೊಬ್ಬರು ಕಟ್ಟಿಕೊಂಡು... ಹೀಗೆ ದಾಟಿದೆವು. ಎರಡನೆಯದರ ನೀರು ಕಪ್ಪಗಿತ್ತು. ತಂಗಿ ಹಿಂಜರಿದಳು.

“ಏಮೇ, ಭಯಮಾ?” ಎಂದು ನಕ್ಕ. ಬಡಾಯಿ ಬಂದಾಗ ಅವನಿಗೆ ತೆಲುಗೇ ಬರುತ್ತಿತ್ತು. “ಇಲ್ಲೇ ಕೂತಿರ್ರಮ್ಮ, ನೀರು ತಗೊಂಡು ಈಗ್ ಬಂದೆ.”

ಬುರುಡೆ ಕಟ್ಟಿಕೊಂಡು, ತಂಬಿಗೆ ಹಿಡಿದು ದಾಟಿದ. ಬುರುಡೆ ವಾಪಸ್ ಬರಲಿಲ್ಲ.

ಕಾದೆವು, ಕೂಗಿದೆವು... ಆಮೇಲೆ ಗೊತ್ತಾಯಿತು, ಗುಡ್ಡದ ಮೇಲಿನಿಂದ ಊರಿಗೆ ಸಲೀಸಾದ ದಾರಿ ಕಂಡು, ಆ ಕಡೆಯಿಂದಲೇ ಮನೆಗೆ ಹೋಗಿಬಿಟ್ಟಿದ್ದ. ಎರಡು ಮಡುಗಳ ನಡುವೆ ನಾವಿಬ್ಬರೇ. ಹೊತ್ತು ಇಳಿಯುವಾಗ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಮೊದಲ ದೊಣೆಗೆ ಇಳಿದೆ. ನಡುನೀರಲ್ಲಿ ಇಬ್ಬರೂ ಮುಳುಗಿದೆವು. ಅವಳ ಜಡೆ ಹಿಡಿದು ಎಳೆದೆ. “ಅಕ್ಕಾ, ಬಿಡಬೇಡ ಕಣೇ” ಎನ್ನುತ್ತಲೇ ಇದ್ದಳು. ಬಿಡಲಿಲ್ಲ.

ಮನೆ ಮುಟ್ಟಿದಾಗ ಅವನು ಪಡಸಾಲೆಯಲ್ಲಿ ಒಬ್ಬಟ್ಟು ತಿನ್ನುತ್ತಿದ್ದ. “ಹಿಂದೆ ಬರ್ತಾವ್ರೆ” ಎಂದು ಹೇಳಿದ್ದನಂತೆ. ನೀರು ದೇವರ ಮೇಲೆ ಬಿದ್ದಾಗಿತ್ತು.

“ಇವನನ್ನ ನಾನು ಕಟ್ಕೊಳ್ಳಲ್ಲ ಕಣಮ್ಮ. ಕಡಿದು ಹಾಕಿದ್ರೂ ಅಷ್ಟೇ” ಎಂದೆ.

ಅಮ್ಮ ಅತ್ತಳು, ಬಯ್ದಳು. ಅವನು ಬೆರಳು ನೆಕ್ಕುತ್ತಾ, “ಬಿಡಕ್ಕ. ಎರೆದ ನೀರು ಸುಮ್ನೆ ಹೋಗಬಾರದು, ಅಷ್ಟೇ ತಾನೆ? ಚಿಕ್ಕವಳಿದಾಳಲ್ಲ” ಎಂದ.

ಕೂಗಾಡಿದೆ, ಊಟ ಬಿಟ್ಟೆ. “ನಿನ್ನ ಪಾಡು ನೀನು ನೋಡ್ಕೋ” ಎಂದು ನನ್ನನ್ನು ಟ್ರೈನಿಂಗ್‌ಗೆ ಕಳಿಸಿಬಿಟ್ಟರು. ವರ್ಷ ತಿರುಗುವುದರೊಳಗೆ ಅವಳ ಮದುವೆ. ಧಾರೆಯ ನೀರು ಕೈ ಮೇಲೆ ಬೀಳುವಾಗ ನನ್ನ ಕಡೆ ನೋಡಿದಳು.

ಅವನು ಸತ್ತು ಬಹಳ ಕಾಲವಾಯಿತು. ತಂಗಿ ಹೋದದ್ದು ಹೋದ ತಿಂಗಳು. ಬುರುಡೆಯನ್ನು ಒಲೆಗೆ ಹಾಕು ಎಂದು ಅವಳ ಮಗನಿಗೆ ಹೇಳಿದೆ, ನಿಮ್ಮಪ್ಪ ಕಾಪಾಡಿಕೊಂಡಿದ್ದ ಸಂಪತ್ತು ಎಂದೆ.

“ಅಪ್ಪ ಅಲ್ಲ ದೊಡ್ಡಮ್ಮ. ಅವರು ಎಸೆಯೋಕೆ ಹೋದಾಗ ಅಮ್ಮ ಕಿತ್ಕೊಂಡಿದ್ರಂತೆ. ಹುರಿ ಹಳೇದಾದಾಗೆಲ್ಲ ಹೊಸದು ಕಟ್ಟೋರು. ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಯಾವತ್ತಾದ್ರೂ ದಾಟಿ ಹೋಗೋಕೆ ಬೇಕಾಗುತ್ತೆ ಅನ್ನೋರು.”

ಅದನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟು ಕೂತೆ. ನನ್ನ ತಂಗಿ ಕೊನೆಗೂ ಈಜು ಕಲಿಯಲಿಲ್ಲ.