ವಿಮಲಮ್ಮನವರ ಪಿನ್ನಿನ ಡಬ್ಬಿ

ರಾಜಾಜಿನಗರದ ಆ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದ ವಿಮಲಮ್ಮನವರ ಬೀರುವಿನಲ್ಲಿ ಒಂದು ತಗಡಿನ ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ಹೆಂಗಸರು ತಾಳಿಸರಕ್ಕೆ ಸಿಕ್ಕಿಸಿಕೊಳ್ಳುವ ಪಿನ್ನುಗಳು. ಒಬ್ಬೊಬ್ಬರದೂ ಒಂದೊಂದು ಕಾಗದದ ಪೊಟ್ಟಣದಲ್ಲಿ, ಮೇಲೆ ಒಡತಿಯ ಹೆಸರು.

ಆಪರೇಷನ್ನಿಗೆ ಬಂದ ಹೆಂಗಸರು ತಾಳಿ ಬಿಚ್ಚಲು ಹಿಂಜರಿಯುತ್ತಿದ್ದರು. "ತಾಳಿ ಮೈ ಬಿಡಬಾರದು, ಅಷ್ಟೇ ತಾನೆ?" ಎನ್ನುತ್ತಾ ವಿಮಲಮ್ಮ ಅದನ್ನು ಅರಿಶಿನದ ದಾರದಿಂದ ರಟ್ಟೆಗೆ ಕಟ್ಟುತ್ತಿದ್ದರು. ಪಿನ್ನುಗಳು ಮಾತ್ರ ಡಬ್ಬಿಗೆ ಹೋಗುತ್ತಿದ್ದವು.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಮೂಡಲಪಾಳ್ಯದ ಪಟಾಲಮ್ಮ ಬಂದಳು. ಹಸು ಸಾಕಿ ಹಾಲು ಹಾಕುತ್ತಿದ್ದ ಗಟ್ಟಿ ಹೆಂಗಸು, ರಕ್ತದ ಕಾಯಿಲೆ. ತಿಂಗಳುಗಟ್ಟಲೆ ಔಷಧವನ್ನು ನರಕ್ಕೇ ಕೊಡಬೇಕಿತ್ತು. ಚುಚ್ಚಿ ಚುಚ್ಚಿ ಕೈನರಗಳೆಲ್ಲ ಗಡುಸಾಗಿ ಸೂಜಿಗೆ ದಾರಿಯೇ ಉಳಿದಿರಲಿಲ್ಲ. ಆದ್ದರಿಂದ ಡಾಕ್ಟರ್ ಗುರುಸಿದ್ದಯ್ಯನವರು ಕತ್ತಿನ ಬುಡದ ದೊಡ್ಡ ನರದೊಳಕ್ಕೆ ಒಂದು ಮೆತ್ತನೆಯ ಸಣ್ಣ ನಳಿಕೆ ಹಾಕುವುದೆಂದು ತೀರ್ಮಾನಿಸಿದರು. ಒಂದು ತುದಿ ಹೃದಯದ ಹತ್ತಿರ. ಇನ್ನೊಂದು ಎದೆಯ ಚರ್ಮದಡಿ ಹಾದು ಗೇಣುದ್ದ ಹೊರಗೆ. ಇದೂ ಕೆಟ್ಟರೆ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತಿತ್ತು.

ಆ ದಿನ ಪಟಾಲಮ್ಮನ ಪಿನ್ನುಗಳನ್ನೂ ಪೊಟ್ಟಣ ಕಟ್ಟಿ ಡಬ್ಬಿಗೆ ಹಾಕಿದ ಮೇಲೆ ವಿಮಲಮ್ಮ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆಯುತ್ತಲೇ ಇದ್ದರು.

"ಸಾಕು ಸಿಸ್ಟರ್, ಕೈ ಸವೆದುಹೋದಾವು," ಎಂದರು ಡಾಕ್ಟರು.

"ಸವೀಲಿ ಬಿಡಿ ಸಾರ್. ಹೃದಯದ ಬಾಗಿಲು ತಟ್ಟೋಕೆ ಹೊರಟಿದೀವಿ, ಕೊಳೆ ಕೈಲಿ ತಟ್ಟೋಕಾಗತ್ತಾ?"

ನಳಿಕೆ ಸರಾಗವಾಗಿ ಒಳಹೋಯಿತು. ತುದಿ ಸರಿಯಾದ ಜಾಗದಲ್ಲಿದೆಯೆಂದು ಎಕ್ಸ್‌ರೇಯಲ್ಲಿ ಕಂಡ ಮೇಲೆಯೇ ಔಷಧ ಹರಿಯಿತು. ಪಟಾಲಮ್ಮ ಮನೆಗೆ ಹೋದಳು. ನಳಿಕೆ ಶುಚಿ ಮಾಡಿಸಿಕೊಳ್ಳಲು ವಾರವಾರ ಬರುತ್ತಿದ್ದಳು.

ನಾಲ್ಕನೆಯ ವಾರ ಅವಳ ಮುಖದಲ್ಲಿ ಏನೋ ಹೆಮ್ಮೆ. "ಹಾಲು ಕರೆಯಕ್ಕೆ ಬಗ್ಗಿದ್ರೆ ಈ ಬಾಲ ಜೋತಾಡ್ತಿತ್ತು ಸಿಸ್ಟರಮ್ಮ. ನಾನೇ ಒಂದು ಉಪಾಯ ಮಾಡ್ಕೊಂಡೆ!"

ವಿಮಲಮ್ಮ ನೋಡಿದರು. ನಳಿಕೆಯ ಮೇಲಿನ ಬಟ್ಟೆಯನ್ನು ರವಿಕೆಗೆ ಸೇರಿಸಿ ಮನೆಯಲ್ಲಿದ್ದ ಬೇರೊಂದು ಪಿನ್ನು ಹಾಕಿದ್ದಳು. ಅದರ ಮೊನೆ ನಳಿಕೆಯನ್ನೂ ಚುಚ್ಚಿ, ಬಟ್ಟೆ ಒದ್ದೆಯಾಗಿತ್ತು. ತೂತು ಬಿದ್ದದ್ದು ನಳಿಕೆ ಮುಚ್ಚಲು ಹಾಕಿದ್ದ ಕ್ಲಿಪ್ಪಿಗಿಂತ ಎದೆಯ ಕಡೆಗೆ, ಕ್ಲಿಪ್ಪಿನಿಂದ ಉಪಯೋಗವಿರಲಿಲ್ಲ. ಗಾಳಿ ಒಳಸೇರಿದರೆ ಪ್ರಾಣಕ್ಕೇ ಸಂಚಕಾರ.

ಅವರು ತೂತಿಗೂ ಎದೆಗೂ ನಡುವೆ ನಳಿಕೆಯನ್ನು ಮಡಿಸಿ ಹಿಸುಕಿ ಹಿಡಿದರು. "ಹಾಗೇ ಮಲ್ಕೊ ತಾಯಿ, ಅಲ್ಲಾಡ್ಬೇಡ." ಡಾಕ್ಟರು ಓಡಿಬಂದು ಇಕ್ಕುಳ ಹಾಕುವವರೆಗೂ ಆ ಎರಡು ಬೆರಳು ಸಡಿಲವಾಗಲಿಲ್ಲ.

"ಇನ್ನೊಂದು ಬೆರಳಷ್ಟು ಮೇಲೆ ಚುಚ್ಚಿದ್ದಿದ್ರೆ ನಳಿಕೇನೇ ಪೂರ್ತಿ ತೆಗೀಬೇಕಿತ್ತು," ಎನ್ನುತ್ತಾ ಡಾಕ್ಟರು ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ತುದಿ ಕೂಡಿಸಿದರು. ಆಮೇಲೆ ಕೋಪ ಬಂತು. "ಏನಮ್ಮ, ಇದೇನು ಸೀರೆ ಸೆರಗು ಅಂದ್ಕೊಂಡ್ರಾ?"

"ಅವಳಿಗೆ ಬೈಬೇಡಿ ಸಾರ್," ಎಂದರು ವಿಮಲಮ್ಮ. "ಆವತ್ತು ಪಿನ್ನು ಈಸ್ಕೊಂಡೆ, ಯಾಕೆ ಅಂತ ಹೇಳ್ಲೇ ಇಲ್ಲ. ತಪ್ಪು ನಂದು."

ಸೊಟ್ಟಗಾಗಿದ್ದ ಆ ಪಿನ್ನನ್ನೂ ಪಟಾಲಮ್ಮನ ಪೊಟ್ಟಣಕ್ಕೆ ಸೇರಿಸಿದರು. ಅಂದು ವಿಜಯನಗರದ ಮನೆಗೆ ಹೋಗಿ, ತಮ್ಮ ಹಳೆಯ ಹತ್ತಿ ಸೀರೆ ಹರಿದು, ಕತ್ತಿಗೆ ಹಾಕಿಕೊಳ್ಳುವ ಪುಟ್ಟ ಚೀಲ ಹೊಲಿದರು. ನಳಿಕೆಯ ಬಾಲಕ್ಕೆ ಅದೇ ಮನೆಯಾಯಿತು.

ಔಷಧದ ಕೊನೆಯ ಸರದಿಯೂ ಮುಗಿದು, ನಳಿಕೆ ತೆಗೆಯುವ ದಿನ ಬಂತು. ತಲೆ ತಗ್ಗಿಗೆ ಬರುವಂತೆ ಮಲಗಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಡಾಕ್ಟರು ಚರ್ಮದಡಿ ನಳಿಕೆಗೆ ಹಿಡಿದಿದ್ದ ಅಂಟು ಬಿಡಿಸಿದರು.

"ಕೆರೇಲಿ ಮುಳುಗು ಹಾಕ್ತೀಯಲ್ಲ, ಹಾಗೆ ಉಸಿರು ಹಿಡಿ," ಎಂದರು ವಿಮಲಮ್ಮ.

ಪಟಾಲಮ್ಮ ಹಿಡಿದಳು. ನಳಿಕೆ ಮೆಲ್ಲನೆ ಈಚೆಗೆ ಬಂತು. ವಿಮಲಮ್ಮ ಕೂಡಲೇ ಬಟ್ಟೆ ಒತ್ತಿದರು. ಡಾಕ್ಟರು ತುದಿ ಇಡಿಯಾಗಿದೆಯೆಂದು ನೋಡಿ ತಲೆಯಾಡಿಸಿದರು. ಪಟಾಲಮ್ಮನ ಮುಖ ಮಾತ್ರ ಕೆಂಪಾಗಿ ಊದುತ್ತಲೇ ಇತ್ತು.

"ಅಯ್ಯೋ, ಉಸಿರು ಬಿಡೇ!" ಎಂದರು ವಿಮಲಮ್ಮ.

"ನೀವು ಬಿಡು ಅನ್ಲೇ ಇಲ್ವಲ್ಲ!" ಎಂದು ಅವಳು ಏದುಸಿರು ಬಿಟ್ಟಳು. "ಒಂದ್ಸಲ ಸ್ವಂತ ಬುದ್ಧಿ ಓಡ್ಸಿದ್ದು ಸಾಲ್ದಾ?"

ಗಾಯ ಒತ್ತಿಹಿಡಿದಿದ್ದ ವಿಮಲಮ್ಮನವರ ಕೈ ನಗುವಿನಿಂದ ಅಲುಗಿತು, ಆದರೆ ಜಾರಲಿಲ್ಲ.

ಹೊರಡುವಾಗ ಡಬ್ಬಿಯಲ್ಲಿದ್ದ ಅವಳ ಪಿನ್ನಿನ ಪೊಟ್ಟಣ ಕೈಗೆ ಬಂತು. ಪಟಾಲಮ್ಮ ಬಿಚ್ಚಿ, ಅಂದು ನಳಿಕೆ ಚುಚ್ಚಿದ ಸೊಟ್ಟ ಪಿನ್ನನ್ನು ಹುಡುಕಿ ಡಬ್ಬಿಗೇ ಹಾಕಿದಳು.

"ಇದು ಇಲ್ಲೇ ಇರ್ಲಿ ಸಿಸ್ಟರಮ್ಮ. ಮುಂದೆ ಬರೋರಿಗೆ ತೋರ್ಸಿ, ನನ್ನ ಹೆಸರು ಹೇಳಿ ಚೆನ್ನಾಗಿ ಬೈರಿ."

ವಿಮಲಮ್ಮ ನಿವೃತ್ತರಾಗುವವರೆಗೂ ಆ ಪಿನ್ನನ್ನು ಎಲ್ಲರಿಗೂ ತೋರಿಸಿದರು, ಹೆಸರನ್ನೂ ಹೇಳಿದರು. ಬೈಯುವುದು ಮಾತ್ರ ಅವರಿಂದ ಎಂದೂ ಆಗಲಿಲ್ಲ.