ಸಾರಿಸಿ ಬಿಟ್ಟ ಮನೆ

ಸರ್ಕಾರಿ ಗುಮಾಸ್ತನಾಗಿ ನಾನು ಬರೆದದ್ದರಲ್ಲಿ ಮುಕ್ಕಾಲು ಪಾಲನ್ನು ಯಾರೂ ಓದಿಲ್ಲ. ಅದಕ್ಕೆ ನನಗೆ ಬೇಸರವೂ ಇಲ್ಲ. ಜನ ಗಮನಕೊಟ್ಟು ಓದಿದ ಒಂದೇ ಒಂದು ವಾಕ್ಯ ಒಂದು ಸಂಸಾರವನ್ನು ಹಾಳು ಮಾಡಿತು. ಈಗ ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತು ಪೇಪರು ಓದುವಾಗ ‘ಒಕ್ಕಲೆಬ್ಬಿಸಿದರು’ ಎಂಬ ಪದ ಕಂಡರೆ ಪುಟ ತಿರುವಿಬಿಡುತ್ತೇನೆ. ಅದರೊಳಗೆ ಏನಿರುತ್ತದೆಂದು ನನಗೆ ಗೊತ್ತು, ಮತ್ತೆ ತಿಳಿದುಕೊಳ್ಳುವ ಶಕ್ತಿ ಇಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಗುಬ್ಬಿ ತಾಲ್ಲೂಕು ಕಚೇರಿಯಲ್ಲಿದ್ದೆ. ಹೋಬಳಿಯ ಕಂದಾಯ ಅಧಿಕಾರಿಯಾದ ಶೇಕ್ದಾರರ ಹಿಂದೆ ಹಳ್ಳಿ ಹಳ್ಳಿ ತಿರುಗಿ ಮಹಜರು ಬರೆಯುವುದು ನನ್ನ ಕೆಲಸ. ಸ್ಥಳಕ್ಕೆ ಹೋಗಿ, ಕಣ್ಣಾರೆ ಕಂಡದ್ದನ್ನು ಬರೆದು, ಊರಿನ ನಾಲ್ವರ ರುಜು ಹಾಕಿಸಿದರೆ ಮಹಜರು ಮುಗಿಯಿತು. ಏನನ್ನು ಕಾಣಬೇಕು, ಏನನ್ನು ಕಾಣಬಾರದು ಎಂಬುದನ್ನು ಶೇಕ್ದಾರರು ದಾರಿಯಲ್ಲೇ ಹೇಳಿಬಿಡುತ್ತಿದ್ದರು.

ಹಾಗಲವಾಡಿಯ ಆಚೆ ಒಂದು ಹಳ್ಳಿ. ಅಲ್ಲೊಬ್ಬ ಗೇಣಿದಾರ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವರು ಉಳುತ್ತಿದ್ದ ಹೊಲ, ವಾಸವಿದ್ದ ಮನೆ ಎರಡೂ ಊರಿನ ಯಜಮಾನರದು. ತಾತನ ಕಾಲದಿಂದ ಹಾಗೇ ನಡೆದುಬಂದಿತ್ತು. ಆ ವರ್ಷದ ಪಂಚಾಯ್ತಿ ಚುನಾವಣೆಯಲ್ಲಿ ಯಜಮಾನರ ಮಗನ ಎದುರು ನಿಂತವನ ಕಡೆಯಿಂದ ಈ ಗೇಣಿದಾರ ಏಜೆಂಟಾಗಿ ಕೂತ. ಅವನು ಮಾಡಿದ್ದು ಅಷ್ಟೆ. ಮಗ ಸೋತ. ಎರಡು ದಿನಕ್ಕೆ ಹಾಡಹಗಲೇ ಇವನ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಬೀಡಿ ಕಿಡಿ ಎಂದರು. ವಾರದಲ್ಲಿ ಬಾವಿಯ ಹತ್ತಿರ ಕೆಡವಿಕೊಂಡು ಹೊಡೆದು ಬಲಗೈ ಮುರಿದರು. ಊರಿಗೆ ಊರೇ ಅಲ್ಲಿದ್ದರೂ ಯಾರೂ ಏನನ್ನೂ ನೋಡಿರಲಿಲ್ಲ. ಆಮೇಲೆ ಸೋಮವಾರದೊಳಗೆ ಮನೆ ಖಾಲಿ ಮಾಡು, ಇಲ್ಲದಿದ್ದರೆ ಇನ್ನೊಂದು ಕೈಯೂ ಇರುವುದಿಲ್ಲ ಎಂದು ಹೇಳಿಕಳಿಸಿದರು.

ಕಾನೂನಿನ ಪ್ರಕಾರ ಗೇಣಿದಾರ ತಾನಾಗಿ ಒಪ್ಪಿ ಬಿಟ್ಟರೆ ಮಾತ್ರ ಜಮೀನು ಯಜಮಾನನಿಗೆ. ಹೆದರಿಸಿ ಬಿಡಿಸಿದರೆ ಅದು ನಿಲ್ಲುವುದಿಲ್ಲ. ಹಾಗಾಗಿ ಯಜಮಾನರು ಮೊದಲೇ ಕಚೇರಿಗೆ ಅರ್ಜಿ ಹಾಕಿದ್ದರು: ಗೇಣಿದಾರ ತಾನಾಗಿಯೇ ಬಿಟ್ಟು ಹೋಗುತ್ತಿದ್ದಾನೆ, ದಯಮಾಡಿ ಬಂದು ಮಹಜರು ಮಾಡಿಕೊಡಿ.

ಸೋಮವಾರ ನಾವು ಹೋದಾಗ ಬಿಸಿಲೇರಿತ್ತು. ಹುಣಸೆಮರದ ಕೆಳಗೆ ಏಳೆಂಟು ಜನ ದೊಣ್ಣೆ ಹಿಡಿದು, ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿದ್ದರು. ಮನೆ ಮುಂದೆ ಗಾಡಿ. ಅದರ ಮೇಲೆ ಬೀಸುವ ಕಲ್ಲು, ಒನಕೆ, ಚಾಪೆ ಸುರುಳಿ. ಗೇಣಿದಾರ ಮುರಿದ ಕೈಯನ್ನು ಟವಲಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಗಾಡಿಗೆ ಒರಗಿದ್ದ. ಹೆಂಡತಿ ಎಲ್ಲಿ ಎಂದು ಇಣುಕಿದರೆ, ಅವಳು ಖಾಲಿ ಮನೆಯೊಳಗೆ ಮೊಣಕಾಲೂರಿ ನೆಲಕ್ಕೆ ಸಗಣಿ ಸಾರಿಸುತ್ತ ಹಿಂದಕ್ಕೆ ಹಿಂದಕ್ಕೆ ಬಾಗಿಲ ಕಡೆ ಬರುತ್ತಿದ್ದಳು.

ಶೇಕ್ದಾರರು ಒಳಗೆ ಕಾಲಿಡಲು ಹೋದರು.

“ವಸಿ ತಡೀರಿ ಬುದ್ಧಿ, ಒಣಗ್ಲಿ. ಹೆಜ್ಜೆ ಗುರ್ತು ಬೀಳ್ತದೆ” ಎಂದಳು.

ಅಂಥ ಶೇಕ್ದಾರರು ಬೂಟು ಹಿಂದೆಗೆದುಕೊಂಡು ನಿಂತರು. ನೆಲ ಒಣಗುವವರೆಗೆ ಸರ್ಕಾರ ಬಾಗಿಲಲ್ಲಿ ಕಾಯಿತು. ಅವಳು ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಮುಂದೆ ರಂಗೋಲಿ ಎಳೆದಳು.

ನನಗೆ ತಡೆಯಲಾಗಲಿಲ್ಲ. “ಇಷ್ಟೆಲ್ಲ ಆದ್ಮೇಲೂ ಇದ್ಯಾಕವ್ವ?” ಎಂದೆ.

“ಬುಟ್ಟೋಗೋ ಮನೇನ ಕೊಳಕಾಗಿ ಬುಡ್ತಾರಾ ಸ್ವಾಮಿ? ಮುಂದೆ ಬರೋರು ಎಂಥ ಜನ ಇದ್ರಪ್ಪ ಇಲ್ಲಿ ಅನ್ಕಂಬೇಕಾ?” ಎಂದಳು, ನನಗೆ ಅಷ್ಟೂ ಗೊತ್ತಿಲ್ಲವೇ ಎಂಬಂತೆ.

ಗೊತ್ತಿತ್ತು. ಕುಣಿಗಲ್ಲಿನಲ್ಲಿ ನಾವು ಬಾಡಿಗೆ ಮನೆ ಬದಲಿಸಿದಾಗಲೆಲ್ಲ ನನ್ನ ಅಮ್ಮನೂ ಹೀಗೇ ಸಾರಿಸಿ, ರಂಗೋಲಿ ಇಟ್ಟು ಬೀಗದ ಕೈ ಕೊಡುತ್ತಿದ್ದಳು. ನಮ್ಮ ಕಡೆ ಯಾವ ಹೆಂಗಸೂ ಗುಡಿಸದ ಮನೆ ಬಿಟ್ಟು ಹೋಗುವುದಿಲ್ಲ.

ಜಗಲಿಯ ಮೇಲೆ ಕೂತು ಬರೆಯತೊಡಗಿದೆ. ಹುಣಸೆಮರದ ಕಡೆ ನೋಡಿದೆ. ಶೇಕ್ದಾರರು ಅದನ್ನು ಗಮನಿಸಿ, “ಏನ್ರೀ, ಮನೆ ಸ್ಥಿತಿ ಬರೀರಿ ಸಾಕು. ಊರ ಕಥೆ ನಮಗ್ಯಾಕೆ?” ಎಂದರು. ದೊಣ್ಣೆಗಳನ್ನು ಬಿಟ್ಟೆ, ಮುರಿದ ಕೈಯನ್ನು ಬಿಟ್ಟೆ. ಬಿಟ್ಟದ್ದಕ್ಕೆ ಮನಸ್ಸು ಚುಚ್ಚಿ, ಆ ಹೆಂಗಸಿನ ಬಗ್ಗೆ ಒಂದಾದರೂ ಒಳ್ಳೆಯ ಮಾತಿರಲಿ ಎಂದು ಹೀಗೆ ಬರೆದೆ: ‘ಸದರಿ ಮನೆಯನ್ನು ಬಹಳ ಶುಚಿಯಾಗಿ ಗುಡಿಸಿ ಸಾರಿಸಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಇಟ್ಟು ಖಾಲಿ ಮಾಡಿರುವುದು ಕಂಡುಬಂತು.’ ಯಾರೂ ಹೇಳಿಕೊಟ್ಟ ವಾಕ್ಯವಲ್ಲ ಅದು. ನನ್ನದೇ. ಬರೆದ ಮೇಲೆ ಸ್ವಲ್ಪ ಸಮಾಧಾನವೂ ಆಯಿತು.

ಒಂದೂವರೆ ವರ್ಷದ ಮೇಲೆ ತುಮಕೂರಿನ ಕೋರ್ಟಿಗೆ ನನ್ನನ್ನು ಸಾಕ್ಷಿಗೆ ಕರೆದರು. ಹೊಡೆದು ಬಿಡಿಸಿದರು, ಮನೆ ಹೊಲ ವಾಪಸು ಕೊಡಿಸಿ ಎಂದು ಗೇಣಿದಾರ ದಾವೆ ಹಾಕಿದ್ದ. ಅವರು ಆಗ ತುಮಕೂರಿನ ಮಂಡಿಯ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿದ್ದರು. ಕೈ ಸರಿಯಾಗಿ ಕೂಡಿಕೊಂಡಿರಲಿಲ್ಲ. ಅವನ ಬದಲು ಅವಳು ಮಂಡಿಯಲ್ಲಿ ಮೂಟೆ ಹೊರುತ್ತಿದ್ದಳು.

ಯಜಮಾನರ ವಕೀಲರು ನನ್ನ ವಾಕ್ಯವನ್ನು ಕನ್ನಡದಲ್ಲಿ, ಗಟ್ಟಿಯಾಗಿ, ನಿಧಾನವಾಗಿ ಓದಿದರು. “ಇದು ನೀವೇ ಕಂಡು ಬರೆದದ್ದಾ?”

“ಹೌದು.”

“ಬೇರೇನಾದ್ರೂ ಕಂಡಿರಾ?”

ಶೇಕ್ದಾರರು ಮುಂದಿನ ಬೆಂಚಿನಲ್ಲೇ ಕೂತಿದ್ದರು. ಹೇಳಿದ್ದರೆ ನನ್ನನ್ನು ಯಾರೂ ನುಂಗುತ್ತಿರಲಿಲ್ಲ. ಹೆಚ್ಚೆಂದರೆ ವರ್ಗ ಮಾಡಿಸುತ್ತಿದ್ದರು. ಮನೆಯಲ್ಲಿ ಕೂಸು, ಬಾಣಂತಿ ಹೆಂಡತಿ ಎಂದು ನೆಪ ಹೇಳಬಹುದು. ಹೇಳಿ ಹೇಳಿ ಸಾಕಾಗಿದೆ.

“ಮಹಜರಿನಲ್ಲಿ ಇರೋದಷ್ಟೇ ಸ್ವಾಮಿ” ಎಂದೆ.

ಆಮೇಲೆ ವಕೀಲರು ನ್ಯಾಯಾಧೀಶರ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಾದಿಸಿದರು: ಪ್ರಾಣಭಯದಲ್ಲಿ ಓಡುವವರು ನೆಲ ಸಾರಿಸಿ ರಂಗೋಲಿ ಹಾಕುತ್ತಾರೆಯೇ? ಮನಸಾರೆ ಬಿಟ್ಟುಕೊಟ್ಟರು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ನ್ಯಾಯಾಧೀಶರು ತಲೆದೂಗಿ ಬರೆದುಕೊಂಡರು. ತೀರ್ಪು ಬರುವುದಕ್ಕೆ ಮುಂದಿನ ತಿಂಗಳಾಯಿತು. ಅವತ್ತೇ ಎಲ್ಲ ಮುಗಿದಿತ್ತು.

ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಗೇಣಿದಾರನಿಗೆ ಅವನ ವಕೀಲರು ಮೆಲ್ಲಗೆ ಏನನ್ನೋ ವಿವರಿಸುತ್ತಿದ್ದರು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಮುಖ ತಪ್ಪಿಸಿಕೊಂಡು ಹೊರಡುವಷ್ಟರಲ್ಲಿ ಹೆಂಡತಿ ನನ್ನ ಹತ್ತಿರ ಬಂದಳು. ಬೈಯಲಿ ಎಂದು ನಿಂತೆ. ಅವಳು ಕೈ ಮುಗಿದಳು.

“ಅಷ್ಟ್ ಜನದ ಮುಂದೆ ಓದುದ್ರಲ್ಲ ಬುದ್ಧಿ, ನಮ್ಮನೆ ಹೆಂಗಿತ್ತು ಅಂತ. ಒಳಗೆ ನಂಗೆ ಅರ್ಥ ಆಗಿದ್ದು ಅದೊಂದೇಯ. ನಮ್ಮ ಬಗ್ಗೆ ಯಾರೂ ಅಷ್ಟು ಚೆಂದಾಗಿ ಬರ್ದಿರ್ಲಿಲ್ಲ.”

ಗಂಡ ಅಲ್ಲಿಂದಲೇ, “ಬಾರಮ್ಮಿ, ಹೊತ್ತಾಯ್ತು” ಎಂದು ಕರೆದ. ಅವಳಿಗೆ ಏನನ್ನೂ ಹೇಳಬೇಡ ಎಂಬಂತೆ ಎಡಗೈಯಿಂದ ನನಗೆ ಸನ್ನೆ ಮಾಡಿದ.